ಮನೆಯಿಂದ ಬೇರೆಯಾಗಿ ಕಾರ್ ಶೆಡ್ಡು, ಜೊತೆಗೊಂದು ವರ್ಕ್‌ಶಾಪು: ಯಾವ ಜಾಗಕ್ಕೆ ಯಾವುದು ಸರಿ

ಕಾರ್ ಶೆಡ್ಡು ಕಟ್ಟಿಸಬೇಕು ಎಂದ ಕೂಡಲೇ ಮಾತು ಶುರುವಾಗುವುದು ಸೂರಿನಿಂದ: ಶೀಟೋ, ಹಂಚೋ, ಆರ್‌ಸಿಸಿಯೋ? ನಿಜವಾಗಿ ಅದು ಕೊನೆಯಲ್ಲಿ ಬರಬೇಕಾದ ಪ್ರಶ್ನೆ. ಶೀಟು ಹಿಡಿಸದಿದ್ದರೆ ಹತ್ತು ವರ್ಷದ ಮೇಲೆ ಬಿಚ್ಚಿಸಿ ಬೇರೆಯದನ್ನು ಹಾಕಿಸಬಹುದು. ಶಟರ್ ಸಾಕಾದರೆ ಗೇಟು ಕೂರಿಸಬಹುದು. ಆದರೆ ಎರಡು ಅಡಿ ಕಿರಿದಾಗಿ ಕಟ್ಟಿದ ಶೆಡ್ಡನ್ನು ಯಾರೂ ಎಳೆದು ಅಗಲ ಮಾಡಲಾರರು. ಎರೆ (ಕಪ್ಪು) ಮಣ್ಣಿನ ಮೇಲೆ ಹಾಕಿದ ನೆಲ ಉಬ್ಬಿ ಸೀಳಿದರೆ ಒಡೆದು ತೆಗೆಯುವುದೊಂದೇ ದಾರಿ. ಹಾಗಾಗಿ ಇಲ್ಲಿ ಹೋಲಿಕೆಯನ್ನು ಕೆಳಗಿನಿಂದ ಮೇಲಕ್ಕೆ, ಆಮೇಲೆ ಬದಲಿಸಲು ಯಾವುದು ಅತಿ ಕಷ್ಟವೋ ಅದರಿಂದಲೇ ಶುರು ಮಾಡಿದ್ದೇವೆ. ಬಜೆಟ್ ಬಿಗಿಯಿದ್ದರೆ ಹಣವನ್ನೂ ಇದೇ ಕ್ರಮದಲ್ಲಿ ಸುರಿಯಿರಿ.

ಉದ್ದಕ್ಕೋ, ಅಗಲಕ್ಕೋ

ಮಾರುತಿ ಸ್ವಿಫ್ಟ್ 3.86 ಮೀಟರ್ ಉದ್ದ, ಇನ್ನೋವಾ ಕ್ರಿಸ್ಟಾ 4.735 ಮೀಟರ್. ಅಡಿಯ ಲೆಕ್ಕದಲ್ಲಿ ಒಂದು ಹನ್ನೆರಡೂವರೆ ದಾಟುತ್ತದೆ, ಇನ್ನೊಂದು ಹದಿನೈದೂವರೆ. ಇವತ್ತು ಚಿಕ್ಕ ಕಾರಿದ್ದರೂ ಹದಿನಾರು ಅಡಿಯ ಗಾಡಿ ಬರುತ್ತದೆಂದೇ ಲೆಕ್ಕ ಹಾಕಿ. ಅಗಲದಲ್ಲಿ ಕಾರು ಆರು ಅಡಿ ಹಿಡಿಯುತ್ತದೆ. ಎರಡೂ ಬದಿಗೆ ಬಾಗಿಲು ತೆರೆದು ಇಳಿಯಲು ತಲಾ ಎರಡೂವರೆಯಿಂದ ಮೂರು ಅಡಿ ಬೇಕು. ಹೀಗೆ ಒಳಗಿನ ಅಗಲ 11ರಿಂದ 12 ಅಡಿ. ಎಲ್ಲರೂ ಹೇಳುವ 10×20 ಅಡಿಯಲ್ಲಿ ಕಾರು ನಿಲ್ಲುತ್ತದೆ, ಬೇರೇನೂ ನಡೆಯುವುದಿಲ್ಲ. ಗೋಡೆಗೊಂದು ಕಪಾಟು ಬಂತೆಂದರೆ ಒಂದು ಕಡೆಯ ಬಾಗಿಲು ಪೂರ್ತಿ ತೆರೆಯದು.

ಕಾರಿನ ಜೊತೆಗೆ ಕೆಲಸದ ಜಾಗವೂ ಬೇಕೆಂದರೆ ಎರಡು ಆಕಾರಗಳಿವೆ. ಒಂದು 12×30 ಅಡಿ: ಮುಂದೆ ಕಾರು, ಹಿಂದೆ ಬೆಂಚು. ಇನ್ನೊಂದು 20×20: ಒಂದು ಬದಿಗೆ ಕಾರು, ಪಕ್ಕದಲ್ಲಿ ಬೆಂಚು. ಮೊದಲನೆಯದು 360 ಚದರಡಿ, ಎರಡನೆಯದು 400. ಗೋಡೆಯ ಒಟ್ಟು ಉದ್ದ ಹೆಚ್ಚುಕಮ್ಮಿ ಒಂದೇ, 84 ಮತ್ತು 80 ಅಡಿ. ವ್ಯತ್ಯಾಸ ಇರುವುದು ಮಾಡಿನಲ್ಲಿ. 12 ಅಡಿಯ ಅಗಲಕ್ಕೆ ಸಾದಾ ಪೈಪಿನ ರಾಫ್ಟರ್ (ಮಾಡು ಹೊರುವ ಓರೆ ತೊಲೆ) ಸಾಕು. 20 ಅಡಿಗೆ ಟ್ರಸ್ (ತ್ರಿಕೋನಾಕಾರದ ಕಬ್ಬಿಣದ ಚೌಕಟ್ಟು) ಕಟ್ಟಿಸಬೇಕು, ಆರ್‌ಸಿಸಿ ಆದರೆ ನಡುವೆ ಬೀಮ್ ಇಳಿಯುತ್ತದೆ. 40×60ರ ಸೈಟಿನಲ್ಲಿ ಮನೆಯ ಪಕ್ಕ ಉಳಿಯುವ ಪಟ್ಟಿಗೂ ಉದ್ದನೆಯ ಆಕಾರವೇ ಹೊಂದುತ್ತದೆ.

ಮರಗೆಲಸ ಮಾಡುವವರಿಗಂತೂ ಉದ್ದನೆಯದೇ ವಾಸಿ. 8×4 ಅಡಿಯ ಪ್ಲೈವುಡ್ ಹಾಳೆಯನ್ನು ಟೇಬಲ್ ಸಾಗೆ ಕೊಡಲು ಬ್ಲೇಡಿನ ಹಿಂದೆ ಎಂಟು ಅಡಿ, ಮುಂದೆ ಎಂಟು ಅಡಿ ಖಾಲಿ ಬೇಕು. ಕಾರನ್ನು ಅಂಗಳಕ್ಕೆ ತಂದು ನಿಲ್ಲಿಸಿದರೆ 30 ಅಡಿಯಲ್ಲಿ ಅದು ಸಲೀಸು. ಕಾರು ಒಳಗಿದ್ದಾಗಲೇ ಪಕ್ಕದಲ್ಲಿ ಕೆಲಸ ಮಾಡುವವರಿಗೆ, ಅಂದರೆ ಗಾಡಿ ರಿಪೇರಿಯ ಹವ್ಯಾಸದವರಿಗೆ, 20×20 ಸರಿ.

ಎತ್ತರದಲ್ಲಿ ಮಾತ್ರ ಜಿಪುಣತನ ಬೇಡ. ಬಾಗಿಲಿನ ತೆರವು 8 ಅಡಿ, ಒಳಗೆ ಸೂರಿನ ತಗ್ಗು ಕಡೆ 10 ಅಡಿ. ಟ್ರಾಕ್ಟರಿಗೆ ಕ್ಯಾನೊಪಿ ಇದ್ದರೆ ಬಾಗಿಲೇ 9ರಿಂದ 10 ಅಡಿ ಇರಲಿ. ಮುಂದೆ ಟೂ ಪೋಸ್ಟ್ ಲಿಫ್ಟ್ (ಕಾರನ್ನೇ ಮೇಲೆತ್ತುವ ಎರಡು ಕಂಬದ ಯಂತ್ರ) ತರುವ ಯೋಚನೆಯಿದ್ದರೆ ಒಳಗೆ 12 ಅಡಿ ಬಿಡಿ. ಹೆಚ್ಚುವರಿ ಎರಡು ಅಡಿಗೆ ತಗಲುವುದು ಮೂರು ವರಸೆ ಬ್ಲಾಕು ಮಾತ್ರ.

ಬಾಗಿಲಿನ ಮುಂದೆ ಕಾರು ನೇರವಾಗಲು 20 ಅಡಿ ಜಾಗ ಬೇಕು. ಗೇಟಿನಿಂದ ಒಳಬಂದ ಕೂಡಲೇ ತೊಂಬತ್ತು ಡಿಗ್ರಿ ತಿರುಗಿ ಒಳನುಗ್ಗುವಂತೆ ನಕ್ಷೆ ಹಾಕಿದ ಶೆಡ್ಡುಗಳು ಕೊನೆಗೆ ಸೌದೆ, ಹಳೆ ಸೋಫಾ ಇಡುವ ಕೋಣೆಯಾಗುತ್ತವೆ. ನೆಲ ಅಗೆಯುವ ಮೊದಲು ಸುಣ್ಣದಲ್ಲಿ ಗೆರೆ ಎಳೆದು, ಮೂಲೆಗೆ ಕೋಲು ನೆಟ್ಟು, ಕಾರನ್ನು ಒಮ್ಮೆ ಒಳಗೆ ಓಡಿಸಿ ಹಿಂದಕ್ಕೆ ತೆಗೆದು ನೋಡಿ.

ಅನುಮತಿಯ ಮಾತು ಇಲ್ಲೇ ಮುಗಿಸಿಬಿಡೋಣ. ಪಟ್ಟಣದೊಳಗೆ ಸೆಟ್‌ಬ್ಯಾಕ್ ಜಾಗದಲ್ಲಿ, ಅಂದರೆ ಸೈಟಿನ ಗಡಿಯಿಂದ ಖಾಲಿ ಬಿಡಬೇಕಾದ ಪಟ್ಟಿಯಲ್ಲಿ, ಗೋಡೆ ಎಬ್ಬಿಸುವ ಮುಂಚೆ ನಕ್ಷೆಗೆ ಮಂಜೂರಾತಿ ಪಡೆಯಿರಿ. ಶೀಟು ಹೊದಿಸಿದ್ದು ತಾತ್ಕಾಲಿಕ, ಅದಕ್ಕೇನೂ ಬೇಡ ಎಂಬ ಮೇಸ್ತ್ರಿಯ ಭರವಸೆ ನಂಬಬೇಡಿ. ಕೃಷಿ ಜಮೀನಿನಲ್ಲಿ ಕೃಷಿಗೆ ಬೇಕಾದ ಕಟ್ಟಡಕ್ಕೆ 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 95ನೇ ಕಲಮಿನಲ್ಲೇ ಅವಕಾಶವಿದೆ. ಬೇರೆ ಬಳಕೆಗೆ ಭೂಪರಿವರ್ತನೆ ಬೇಕು. ಟ್ರಾಕ್ಟರ್ ನಿಲ್ಲಿಸುವುದೂ ಊರವರ ಗಾಡಿ ರಿಪೇರಿ ಮಾಡುವುದೂ ಕಾನೂನಿನ ಕಣ್ಣಿಗೆ ಒಂದೇ ಅಲ್ಲ.

ಮಣ್ಣು ನೋಡಿ ಪಾಯ

ಇಡೀ ಕೆಲಸದಲ್ಲಿ ಅತಿ ಹೆಚ್ಚು ತಪ್ಪುಗಳಾಗುವುದು ಇಲ್ಲಿ. ಮೈಸೂರು, ತುಮಕೂರು, ಬೆಂಗಳೂರು ಕಡೆಯ ಕೆಂಪು ಮಣ್ಣಿಗೆ ಒಗ್ಗಿದ ಪಾಯವನ್ನು ಗದಗ, ವಿಜಯಪುರದ ಎರೆ ಭೂಮಿಗೆ ಹಾಕಿದರೆ ಎರಡನೇ ಮಳೆಗಾಲಕ್ಕೆ ಗೋಡೆ ಮೂಲೆಯಿಂದ ಮೂಲೆಗೆ ಸೀಳುತ್ತದೆ.

ಕೆಂಪು ಮಣ್ಣು ಅಥವಾ ಗರಸು (ಕಲ್ಲುಚೂರು ಬೆರೆತ ಗಟ್ಟಿ ಮಣ್ಣು) ಸಿಕ್ಕಿದರೆ ಸೈಜುಗಲ್ಲಿನ ಪಾಯ ಸಾಕು. ಎರಡೂವರೆಯಿಂದ ಮೂರು ಅಡಿ ಆಳ, ಎರಡು ಅಡಿ ಅಗಲ, ತಳಕ್ಕೆ ನಾಲ್ಕು ಇಂಚು 1:4:8ರ (ಸಿಮೆಂಟ್, ಮರಳು, ಜಲ್ಲಿಯ ಪ್ರಮಾಣ) ಬೆಡ್ ಕಾಂಕ್ರೀಟ್. ಮೇಲೆ 9×9 ಇಂಚಿನ ಪ್ಲಿಂತ್ ಬೀಮ್, ಅಂದರೆ ಗೋಡೆಯಡಿ ಸುತ್ತ ಹಾಯುವ ಕಾಂಕ್ರೀಟ್ ತೊಲೆ: 12 ಮಿ.ಮೀ.ನ ನಾಲ್ಕು ಸರಳು, ಆರಿಂಚಿಗೊಂದು 8 ಮಿ.ಮೀ. ರಿಂಗು. ಶೆಡ್ಡಿಗೆ ಪ್ಲಿಂತ್ ಬೀಮ್ ಯಾಕೆ ಎಂದು ಕೇಳುವವರಿದ್ದಾರೆ. ಉತ್ತರ ಬಾಗಿಲಿನಲ್ಲಿದೆ. ಒಂದು ಗೋಡೆಯಲ್ಲಿ ಒಂಬತ್ತು ಅಡಿ ತೆರವು ಬಿಟ್ಟ ಮೇಲೆ ಮೂರು ಗೋಡೆಯ ಪೆಟ್ಟಿಗೆಯಷ್ಟೇ ಉಳಿಯುತ್ತದೆ, ಆ ಬಾಯಿಯನ್ನು ಹಿಡಿದಿಡುವುದು ಕೆಳಗಿನ ಬೀಮೂ ಮೇಲಿನ ಲಿಂಟೆಲ್ಲೂ ಮಾತ್ರ. ಕರಾವಳಿಯ ಮುರಕಲ್ಲಿನ ನೆಲ ಇನ್ನೂ ಸುಲಭ, ಅಲ್ಲಿ ಗಟ್ಟಿ ಪದರ ಎರಡು ಅಡಿಗೇ ಸಿಗುವುದುಂಟು. ಆದರೆ ನೆಲದ ಮಟ್ಟವನ್ನು ಅಂಗಳಕ್ಕಿಂತ ಒಂದರಿಂದ ಒಂದೂವರೆ ಅಡಿ ಎತ್ತರಿಸಬೇಕು. ಒಳನಾಡಿನಲ್ಲಿ ಆರಿಂಚು ಸಾಕು. ರ‍್ಯಾಂಪಿನ ಇಳಿಜಾರು ಎಂಟಕ್ಕೆ ಒಂದಕ್ಕಿಂತ ಕಡಿದಾಗಿದ್ದರೆ ತಗ್ಗಿನ ಕಾರಿನ ಬಂಪರ್ ಉಜ್ಜುತ್ತದೆ. ಆರಿಂಚಿಗೆ ನಾಲ್ಕಡಿ, ಒಂದೂವರೆ ಅಡಿಗೆ ಹನ್ನೆರಡು ಅಡಿ ರ‍್ಯಾಂಪಿನ ಜಾಗವನ್ನು ಮೊದಲೇ ಹಿಡಿದಿಡಿ.

ಎರೆ ಮಣ್ಣು ಬೇರೆಯೇ ಕಥೆ. ನೀರು ಕುಡಿದಾಗ ಊದುತ್ತದೆ, ಬೇಸಗೆಯಲ್ಲಿ ಕುಗ್ಗಿ ಕೈ ಹೋಗುವಷ್ಟು ಬಿರುಕು ಬಿಡುತ್ತದೆ. ಅಲ್ಲಿ ಮೂರು ದಾರಿಗಳಿವೆ. ಎರೆ ಪದರ ನಾಲ್ಕೈದು ಅಡಿಯಲ್ಲೇ ಮುಗಿದು ಕೆಳಗೆ ಗರಸು ಸಿಕ್ಕಿದರೆ, ಅಲ್ಲಿಯವರೆಗೆ ಅಗೆದು ಪಾಯ ಇಳಿಸಿ. ಪದರ ಆಳವಾಗಿದ್ದು ಇಟ್ಟಿಗೆ ಅಥವಾ ಬ್ಲಾಕಿನ ಗೋಡೆಯೇ ಬೇಕೆಂದರೆ ಅಂಡರ್ ರೀಮ್ಡ್ ಪೈಲ್: ಕನಿಷ್ಠ ಮೂರೂವರೆ ಮೀಟರ್ ಆಳದ ಕೊಳವೆ ಗುಂಡಿ, ತಳದಲ್ಲಿ ಕಂಬದ ವ್ಯಾಸದ ಎರಡೂವರೆ ಪಟ್ಟು ಅಗಲದ ಗಡ್ಡೆ. ಪೈಲುಗಳ ಮೇಲೆ ಕೂರುವ ಬೀಮಿನ ಕೆಳಗೆ ಮೂರು ಇಂಚು ಖಾಲಿ ಬಿಡಬೇಕು. ಇದನ್ನು ಮರೆತು ಬೀಮನ್ನು ಮಣ್ಣಿನ ಮೇಲೇ ಹಾಕಿದರೆ ಊದಿದ ಮಣ್ಣು ಬೀಮನ್ನೇ ಎತ್ತುತ್ತದೆ, ಪೈಲಿಗೆ ಹಾಕಿದ ಹಣವೆಲ್ಲ ವ್ಯರ್ಥ. ಮೂರನೆಯ ದಾರಿ ಬ್ಲಾಕಿನ ಗೋಡೆಯ ಆಸೆ ಬಿಟ್ಟು ಕಬ್ಬಿಣದ ಕಂಬದ ಹಗುರ ಶೆಡ್ಡು. ಕಂಬ ಅರ್ಧ ಇಂಚು ಏರಿಳಿದರೂ ಶೀಟು ಸೀಳುವುದಿಲ್ಲ. ಆಳವಾದ ಎರೆಯಲ್ಲಿ, ಒಂದು ಕಾರಿನ ಶೆಡ್ಡಿಗೆ, ನಮ್ಮ ಆಯ್ಕೆ ಈ ಮೂರನೆಯದೇ. ಪೈಲ್ ಯಂತ್ರ ತರಿಸುವ ಖರ್ಚು ಅಷ್ಟು ಚಿಕ್ಕ ಕಟ್ಟಡಕ್ಕೆ ಗಿಟ್ಟುವುದಿಲ್ಲ.

ನೆಲಕ್ಕೆ ಎರೆಯನ್ನು ಎರಡು ಮೂರು ಅಡಿ ತೆಗೆದು ಗರಸು ತುಂಬಿಸಿ, ಆರೆಂಟು ಇಂಚಿಗೊಮ್ಮೆ ನೀರು ಹಾಕಿ ದಮ್ಮಸ್ಸು ಮಾಡಿಸಿ. ಮರಳು ತುಂಬಿಸಬೇಡಿ. ಮರಳಿನಲ್ಲಿ ನೀರು ನಿಂತು, ಸುತ್ತಲಿನ ಎರೆಗೆ ನಿಧಾನಕ್ಕೆ ಇಳಿದು, ತಪ್ಪಿಸಬೇಕೆಂದಿದ್ದ ಊತವನ್ನೇ ತರುತ್ತದೆ. ಶೆಡ್ಡಿನ ಸುತ್ತ ಮೂರು ನಾಲ್ಕು ಅಡಿ ಅಗಲದ ಕಾಂಕ್ರೀಟ್ ಅಂಚು, ಹೊರಕ್ಕೆ ಇಳಿಜಾರಾಗಿ, ಹಾಕಿಸಿ. ಗೋಡೆಯಡಿಯ ಮಣ್ಣಿನ ತೇವ ವರ್ಷವಿಡೀ ಒಂದೇ ಸಮ ಇದ್ದರೆ ಅರ್ಧ ತೊಂದರೆ ತಪ್ಪಿತು. ಅದೇ ಕಾರಣಕ್ಕೆ ಪಕ್ಕದಲ್ಲಿ ಬಾಳೆ, ನುಗ್ಗೆ ನೆಟ್ಟು ದಿನಾ ನೀರು ಬಿಡುವುದು ಬೇಡ.

ನೆಲ: ಕಾಂಕ್ರೀಟೇ, ಆದರೆ ಸರಿಯಾಗಿ

ಪಾರ್ಕಿಂಗ್ ಟೈಲ್ಸ್ ನೋಡಲು ಚೆಂದ, ಗುಡಿಸಲು ಸುಲಭ. ಕಾರು ನಿಲ್ಲಿಸುವುದಷ್ಟೇ ಇದ್ದರೆ ಅಡ್ಡಿಯಿಲ್ಲ. ಜ್ಯಾಕ್ ಇಟ್ಟು ಕಾರು ಎತ್ತುವ ಜಾಗಕ್ಕೆ ಅದು ಆಗದು. ಟೈಲಿನ ಕೆಳಗೆ ಎಲ್ಲೋ ಒಂದು ಕಡೆ ಗಾರೆ ಪೂರ್ತಿ ಕೂತಿರುವುದಿಲ್ಲ, ಜ್ಯಾಕ್ ಸ್ಟ್ಯಾಂಡಿನ ನಾಲ್ಕು ಕಾಲುಗಳಲ್ಲಿ ಒಂದು ಸರಿಯಾಗಿ ಅಲ್ಲೇ ಕೂರುತ್ತದೆ. ಇಂಟರ್‌ಲಾಕ್ ಕಲ್ಲು ಅಂಗಳಕ್ಕೆ ಒಳ್ಳೆಯದು, ಗಾಡಿ ಓಡುವಲ್ಲಿ 80 ಮಿ.ಮೀ. ದಪ್ಪದ್ದು. ಶೆಡ್ಡಿನೊಳಗೆ ಮಾತ್ರ ಬಿದ್ದ ಎಣ್ಣೆ ಸಂದಿಗಿಳಿದು ಮತ್ತೆ ಬರುವುದಿಲ್ಲ, ಟ್ರಾಲಿ ಜ್ಯಾಕಿನ ಚಿಕ್ಕ ಚಕ್ರಗಳು ಸಂದಿಗೆ ಸಿಕ್ಕಿ ನಿಲ್ಲುತ್ತವೆ, ಬಿದ್ದ ನಟ್ಟು ಹುಡುಕುವುದೇ ಒಂದು ಕೆಲಸ. ರೆಡ್ ಆಕ್ಸೈಡ್ ಪಾಲಿಶ್ ಎಣ್ಣೆ ಬಿದ್ದರೆ ಜಾರುತ್ತದೆ. ಉಳಿಯುವುದು ಕಾಂಕ್ರೀಟ್.

12×30 ಅಡಿಗೆ ನಾಲ್ಕು ಇಂಚು ದಪ್ಪದ ಎಂ 20 ಕಾಂಕ್ರೀಟ್, ಅಂದರೆ 1:1.5:3, ಒಟ್ಟು 120 ಘನ ಅಡಿ. ಅದಕ್ಕೆ ಸಿಮೆಂಟ್ 27ರಿಂದ 28 ಚೀಲ, ಎಂ ಸ್ಯಾಂಡ್ 50 ಘನ ಅಡಿ, 20 ಮಿ.ಮೀ. ಜಲ್ಲಿ 100 ಘನ ಅಡಿ. ಮಣ್ಣಿನ ತೇವ ಮೇಲೆ ಬರದಂತೆ ಕೆಳಗೆ 250 ಮೈಕ್ರಾನಿನ ಪ್ಲಾಸ್ಟಿಕ್ ಹಾಳೆ ಹಾಸಿ, ಅಂಚುಗಳನ್ನು ಅರ್ಧ ಅಡಿ ಒಂದರ ಮೇಲೊಂದು ಬರುವಂತೆ ಇಡಿ. 8 ಮಿ.ಮೀ. ಸರಳನ್ನು ಎರಡೂ ದಿಕ್ಕಿಗೆ ಎಂಟು ಇಂಚಿಗೊಂದರಂತೆ ಕಟ್ಟಿ, ಕೆಳಗೆ ಕವರ್ ಬ್ಲಾಕ್ (ಸರಳನ್ನು ಎತ್ತಿ ಹಿಡಿಯುವ ಸಿಮೆಂಟ್ ತುಂಡು) ಕೊಡಿ. ಸರಳನ್ನು ನೆಲದ ಮೇಲೇ ಮಲಗಿಸಿ ಕಾಂಕ್ರೀಟ್ ಸುರಿಯುವಾಗ ಕೊಕ್ಕೆಯಿಂದ ಎತ್ತುತ್ತೇವೆ ಎಂದರೆ ಒಪ್ಪಬೇಡಿ, ಅದು ಯಾವತ್ತೂ ಮೇಲೆ ಬರುವುದಿಲ್ಲ. ಲಿಫ್ಟ್ ಬರುವುದಾದರೆ ಕಂಬ ಕೂರುವಲ್ಲಿ ದಪ್ಪ ಆರು ಇಂಚಾಗಲಿ, ಕಾಂಕ್ರೀಟ್ ಎಂ 25 ಆಗಲಿ. ತಯಾರಕರು ಇನ್ನೂ ಹೆಚ್ಚು ಕೇಳಿದರೆ ಅವರ ಮಾತೇ ನಡೆಯಲಿ.

ಒಂದು ಚೀಲ ಸಿಮೆಂಟಿಗೆ 25 ಲೀಟರ್ ನೀರು ಹತ್ತಿರದ ಲೆಕ್ಕ, ಮರಳು ಒದ್ದೆಯಿದ್ದರೆ ಇನ್ನೂ ಕಡಿಮೆ. ಗಾರೆಯವರಿಗೆ ತೆಳ್ಳಗಿದ್ದಷ್ಟು ಎಳೆಯಲು ಸುಲಭ. ಹಾಗಾಗಿ ಬಕೆಟ್ ಮೇಲೆ ಬಕೆಟ್ ಬೀಳುತ್ತದೆ. ಮುಂದೆ ನೆಲ ಗುಡಿಸಿದಷ್ಟೂ ಪುಡಿ ಏಳುವುದು ಇದರಿಂದಲೇ. ಹಸಿ ನೆಲದ ಮೇಲೆ ಒಣ ಸಿಮೆಂಟ್ ಉದುರಿಸಿ ನುಣುಪು ಮಾಡುವುದೂ ಬೇಡ, ಆ ಪದರ ಹಪ್ಪಳದಂತೆ ಏಳುತ್ತದೆ. ಬಾಗಿಲ ಕಡೆಗೆ ನೂರಕ್ಕೆ ಒಂದರ ಇಳಿಜಾರು ಕೊಡಿ. 30 ಅಡಿಗೆ ಮೂರೂವರೆ ಇಂಚು ಸರಿಯಾಯಿತು. ಬೆಂಚು ಮತ್ತು ಯಂತ್ರಗಳ ಹಿಂಭಾಗವನ್ನು ಮಟ್ಟಸವಾಗಿ ಬಿಟ್ಟು ಕಾರಿನ ಭಾಗಕ್ಕಷ್ಟೇ ಇಳಿಜಾರು ಕೊಟ್ಟರೆ ಇನ್ನೂ ಉತ್ತಮ.

ಕಾಂಕ್ರೀಟ್ ಕುಗ್ಗುವುದನ್ನು ತಡೆಯಲಾಗದು, ಎಲ್ಲಿ ಸೀಳಬೇಕೆಂದು ನಾವೇ ಹೇಳಬಹುದು. ಮರುದಿನವೇ ಕಟರ್‌ನಿಂದ ಹತ್ತು ಅಡಿಗೊಂದು ಗೆರೆ, ಒಂದು ಇಂಚು ಆಳ ಕೊರೆಯಿಸಿ. 30 ಅಡಿಗೆ ಎರಡು ಗೆರೆ. ಮೂರು ದಿನ ತಡ ಮಾಡಿದರೆ ಅಷ್ಟರಲ್ಲಿ ಅದು ತನಗಿಷ್ಟ ಬಂದಲ್ಲಿ ಸೀಳಿರುತ್ತದೆ. ಮಡಿ ಕಟ್ಟಿ ಹತ್ತು ದಿನ ನೀರು ನಿಲ್ಲಿಸಿ. ಸಾಧ್ಯವಿದ್ದರೆ ಸೂರು ಹಾಕಿದ ಮೇಲೇ ನೆಲ ಹಾಕಿಸಿ. ಬಿಸಿಲು ಗಾಳಿಗೆ ಹಸಿ ಕಾಂಕ್ರೀಟಿನ ಮೇಲ್ಮೈ ಗಂಟೆಯೊಳಗೆ ಒಣಗಿ ಕೂದಲೆಳೆಯ ಬಿರುಕು ಬಿಡುತ್ತದೆ.

ನೆಲ ಹಾಕುವ ಮುಂಚೆ ಮನೆಯಿಂದ ಶೆಡ್ಡಿಗೆ ಎರಡು ಇಂಚಿನ ಎರಡು ಪಿವಿಸಿ ಪೈಪು ಹೂತಿಡಿ, ಒಂದು ವಿದ್ಯುತ್ತಿಗೆ, ಒಂದು ಇಂಟರ್ನೆಟ್ಟು, ಕ್ಯಾಮೆರಾ ತಂತಿಗೆ. ಒಳಗೆ ದಾರ ಬಿಟ್ಟಿರಿ. ಇದಕ್ಕಿಂತ ಅಗ್ಗದ ಮುನ್ನೆಚ್ಚರಿಕೆ ಇಡೀ ಕೆಲಸದಲ್ಲಿ ಇಲ್ಲ.

ಗುಂಡಿ, ಲಿಫ್ಟ್, ಸ್ಟ್ಯಾಂಡ್

ಕಾರಿನ ಕೆಳಗೆ ಕೆಲಸ ಮಾಡಲು ಗುಂಡಿ ತೋಡಿಸುವುದು ಹಳೆಯ ಕ್ರಮ. ಮನೆಯ ಶೆಡ್ಡಿಗೆ ಅದನ್ನು ನಾವು ಹೇಳುವುದಿಲ್ಲ. ಪೆಟ್ರೋಲ್ ಆವಿಯೂ ಎಲ್‌ಪಿಜಿಯೂ ಗಾಳಿಗಿಂತ ಭಾರ, ಗುಂಡಿಯ ತಳದಲ್ಲೇ ಕೂರುತ್ತವೆ. ಅಲ್ಲಿ ತಂತಿ ಹಿಡಿದ ದೀಪ ಒಂದು ಕಿಡಿ ಹಾರಿಸಿದರೆ ಮುಗಿಯಿತು. ಕರಾವಳಿಯಲ್ಲಿ ಜೂನ್ ಬಂದರೆ ಅದು ಬಾವಿ. ಮುಚ್ಚದೆ ಬಿಟ್ಟರೆ ಮಕ್ಕಳು ಬೀಳುತ್ತಾರೆ. ಎರಡು ಟನ್ನಿನ ಟ್ರಾಲಿ ಜ್ಯಾಕ್, ನಾಲ್ಕು ಜ್ಯಾಕ್ ಸ್ಟ್ಯಾಂಡ್, ಚಕ್ರಕ್ಕೆ ಅಡ್ಡ ಕೊಡಲು ಮರದ ತುಂಡು: ಮನೆಯಲ್ಲಿ ಮಾಡುವ ಆಯಿಲ್ ಬದಲಾವಣೆ, ಬ್ರೇಕ್ ಪ್ಯಾಡ್, ಸಸ್ಪೆನ್ಶನ್ ಕೆಲಸಕ್ಕೆಲ್ಲ ಇಷ್ಟು ಸಾಕು. ಜ್ಯಾಕ್ ಎತ್ತಲು ಮಾತ್ರ, ಹಿಡಿದಿಡಲು ಅಲ್ಲ. ಸ್ಟ್ಯಾಂಡ್ ಇಲ್ಲದೆ ಕೆಳಗೆ ನುಸುಳಬೇಡಿ. ಲಿಫ್ಟ್ ತಿಂಗಳಿಗೆ ಹಲವು ಗಾಡಿ ಬಿಚ್ಚುವವರಿಗೆ.

ಗೋಡೆ

ಒಳನಾಡಿನಲ್ಲಿ ಆರಿಂಚಿನ ಸಾಲಿಡ್ ಬ್ಲಾಕು ಸಾಮಾನ್ಯ ಆಯ್ಕೆ, ಸರಿಯಾದದ್ದೂ ಹೌದು. 16×8 ಇಂಚಿನ ಮುಖವಾದ್ದರಿಂದ ನೂರು ಚದರಡಿಗೆ ಸುಮಾರು 112 ಬ್ಲಾಕು, ಒಡೆಯುವುದೂ ಸೇರಿ 115 ಹಿಡಿಯಿರಿ. ಉದ್ದನೆಯ ಗೋಡೆ ಒಂಟಿಯಾಗಿ ನಿಲ್ಲದು, ಹತ್ತು ಅಡಿಗೊಂದು ಪಿಲ್ಲರ್ ಬೇಕು. ದಿನಕ್ಕೆ ನಾಲ್ಕಡಿಗಿಂತ ಎತ್ತರ ಏರಿಸಬಾರದು. ಬ್ಲಾಕುಗಳಲ್ಲಿ ಪದೇ ಪದೇ ನಡೆಯುವ ತಪ್ಪು ಇನ್ನೊಂದು: ಇಟ್ಟಿಗೆಯಂತೆ ಅವನ್ನೂ ತೊಟ್ಟಿಯಲ್ಲಿ ನೆನೆಹಾಕುವುದು. ಸುಟ್ಟ ಇಟ್ಟಿಗೆಗೆ ನೆನೆಸುವುದು ಬೇಕು, ಇಲ್ಲದಿದ್ದರೆ ಗಾರೆಯ ನೀರನ್ನೆಲ್ಲ ಹೀರುತ್ತದೆ. ಸಿಮೆಂಟ್ ಬ್ಲಾಕು ನೆನೆದರೆ ಹಿಗ್ಗಿ, ಕಟ್ಟಿದ ಮೇಲೆ ಒಣಗುತ್ತಾ ಕುಗ್ಗಿ, ಗೋಡೆಯಲ್ಲಿ ಮೆಟ್ಟಿಲಿನಾಕಾರದ ಬಿರುಕು ಬರುತ್ತದೆ. ಮುಖಕ್ಕೆ ಸ್ವಲ್ಪ ನೀರು ಚಿಮುಕಿಸಿದರೆ ಸಾಕು. ಬ್ಲಾಕು ಕನಿಷ್ಠ ಮೂರು ವಾರ ಹಳೆಯದಾಗಿರಲಿ. ನಿನ್ನೆ ಒತ್ತಿದ್ದನ್ನು ಇಂದು ಲಾರಿಗೆ ಹಾಕುವ ಕಡೆಗಳೂ ಇವೆ.

ಮಂಗಳೂರಿನಿಂದ ಕಾರವಾರದವರೆಗೆ ಮುರಕಲ್ಲು ಹತ್ತಿರದಲ್ಲೇ ಸಿಗುವಾಗ ಬ್ಲಾಕು ಹುಡುಕುವುದು ಬೇಡ. ಒಂಬತ್ತಿಂಚು ದಪ್ಪದ ಆ ಗೋಡೆಗೆ ಬೆಂಚ್ ವೈಸ್ ಬಿಗಿದರೂ ಅಲುಗುವುದಿಲ್ಲ. ಹೊರಗೆ ಗಾರೆ ಬಳಿಯದಿದ್ದರೂ ಸಂದುಗಳಿಗೆ ಪಾಯಿಂಟಿಂಗ್ ಮಾಡಿಸಿ, ಮಳೆ ನೆಲಕ್ಕೆ ಬಡಿದು ಹಾರುವ ಕೆಳಗಿನ ಎರಡು ಅಡಿಗೆ ಮಾತ್ರ ಸಿಮೆಂಟ್ ಗಾರೆ ಕೊಡಿ.

ಎಎಸಿ (ಗಾಳಿಗುಳ್ಳೆ ತುಂಬಿದ ಕಾಂಕ್ರೀಟ್) ಬ್ಲಾಕು ಹಗುರ, ತಂಪು, ಬೇಗ ಏಳುತ್ತದೆ. ವಾಸದ ಕೋಣೆಗೆ ಒಳ್ಳೆಯ ವಸ್ತು. ವರ್ಕ್‌ಶಾಪಿಗೆ ಅದರ ದೋಷ ಒಂದೇ, ಆದರೆ ದೊಡ್ಡದು: ಸಾಮಾನ್ಯ ರಾಲ್‌ಪ್ಲಗ್ (ಸ್ಕ್ರೂ ಹಿಡಿಯಲು ತೂತಿಗೆ ತೂರಿಸುವ ಬಿರಡೆ) ಅದರಲ್ಲಿ ನಿಲ್ಲುವುದಿಲ್ಲ. ನೂರು ಕೆಜಿ ಉಪಕರಣ ಹೊತ್ತ ಕಪಾಟು ಒಂದು ದಿನ ಗೋಡೆಯ ಪುಡಿಯ ಸಮೇತ ಕೆಳಗೆ ಬರುತ್ತದೆ. ಅದನ್ನೇ ಆರಿಸಿದರೆ ಕಪಾಟು, ರ‍್ಯಾಕುಗಳನ್ನು ನೆಲದ ಮೇಲೆ ನಿಲ್ಲಿಸಿ, ಗೋಡೆಗೆ ತೂಗುಹಾಕಬೇಡಿ.

ಕಬ್ಬಿಣದ ಶೆಡ್ಡಿಗೆ ಮಧ್ಯದ ದಾರಿಯೊಂದಿದೆ: ಕೆಳಗೆ ಮೂರು ಅಡಿ ಬ್ಲಾಕು, ಮೇಲೆ ಶೀಟು. ಕೆಳಗಿನ ನೀರಿಗೆ ಶೀಟಿನ ತುದಿ ತುಕ್ಕು ಹಿಡಿಯುವುದಿಲ್ಲ, ಬಂಪರ್ ತಾಗಿದರೂ ತಗ್ಗು ಬೀಳುವುದಿಲ್ಲ, ಇಲಿ ಹೆಗ್ಗಣಗಳ ಕಾಟವೂ ಕಡಿಮೆ. ಆಳವಾದ ಎರೆಯಲ್ಲಿ ಮಾತ್ರ ಆ ಮೂರು ಅಡಿಯೂ ಬೇಡ.

ಈಗ ಸೂರು

12×30ರ ಶೆಡ್ಡಿಗೆ ಎಲ್ಲ ಕಡೆ ಒಂದೂವರೆ ಅಡಿ ಚಾಚು ಸೇರಿ 15×33 ಅಡಿ, ಸುಮಾರು 46 ಚದರ ಮೀಟರ್ ಮುಚ್ಚಬೇಕು. ಮೂರೂ ಬಗೆಯ ತೂಕ ನೋಡಿ. ಅರ್ಧ ಮಿ.ಮೀ. ದಪ್ಪದ ಕಲರ್ ಕೋಟೆಡ್ ಶೀಟು ಒಟ್ಟು ಇನ್ನೂರು ಕೆಜಿ. 30 ಡಿಗ್ರಿ ಇಳಿಜಾರಿನ ಮಂಗಳೂರು ಹಂಚು, ಚದರ ಮೀಟರಿಗೆ 15ರಂತೆ ಎಂಟು ನೂರು ಹಂಚು, ಎರಡು ಟನ್ ದಾಟುತ್ತದೆ. ಐದಿಂಚಿನ ಆರ್‌ಸಿಸಿ ಹದಿನಾಲ್ಕೂವರೆ ಟನ್, ಅದರಲ್ಲಿ ಸಿಮೆಂಟೇ 47 ಚೀಲ. ಈ ತೂಕವೇ ಪಾಯ, ಗೋಡೆ, ಕೊನೆಗೆ ಖರ್ಚನ್ನೂ ತೀರ್ಮಾನಿಸುತ್ತದೆ.

ಶೀಟಿನ ಹಗುರವೇ ಅದರ ಅಪಾಯ. ಭಾರತೀಯ ಮಾನಕ ಐಎಸ್ 875ರ ಗಾಳಿಯ ನಕ್ಷೆಯಲ್ಲಿ ಬೆಂಗಳೂರಿಗೆ ಸೆಕೆಂಡಿಗೆ 33 ಮೀಟರ್, ಮಂಗಳೂರಿಗೆ 39 ಮೀಟರ್. 39ರ ಗಾಳಿ ಚದರ ಮೀಟರಿಗೆ ಸುಮಾರು 90 ಕೆಜಿ ಒತ್ತಡ ತರುತ್ತದೆ. ಅದು ಮಾಡನ್ನು ಮೇಲಕ್ಕೆಳೆದರೆ ನಾಲ್ಕು ಟನ್ನಿಗೂ ಹೆಚ್ಚು, ಅದರೆದುರು ಶೀಟಿನ ತೂಕ ಇನ್ನೂರು ಕೆಜಿ. ಎಂಟು ಕಂಬದ ಶೆಡ್ಡಾದರೆ ಪ್ರತಿ ಕಂಬಕ್ಕೂ ಅರ್ಧ ಟನ್ ಎಳೆತ. ಎರಡಡಿ ಉದ್ದ, ಎರಡಡಿ ಅಗಲ, ಎರಡಡಿ ಆಳದ ಕಾಂಕ್ರೀಟ್ ಗಟ್ಟಿಯ ತೂಕ ಹೆಚ್ಚುಕಮ್ಮಿ ಅಷ್ಟೇ, ಅದು ಕನಿಷ್ಠ. ಏಪ್ರಿಲ್ ಮೇ ತಿಂಗಳ ಗಾಳಿಮಳೆಗೆ ಕಂಬದ ಸಮೇತ ಪಕ್ಕದ ತೋಟಕ್ಕೆ ಹಾರುವ ಶೆಡ್ಡುಗಳ ಬುಡ ನೋಡಿ: ಒಂದಡಿ ಗುಂಡಿಯಲ್ಲಿ ಎರಡು ಬಕೆಟ್ ಕಾಂಕ್ರೀಟ್ ಇರುತ್ತದೆ. ಬೇಸ್ ಪ್ಲೇಟು, ನಾಲ್ಕು ಜೆ ಬೋಲ್ಟು, ಒಂದೂವರೆ ಅಡಿ ಆಳಕ್ಕೆ ಹೂತದ್ದು, ಇದರಲ್ಲಿ ರಾಜಿ ಬೇಡ.

ಶೀಟಿಗೆ ಹತ್ತು ಡಿಗ್ರಿ ಇಳಿಜಾರು ಸಾಕು. ಹತ್ತು ಅಡಿಗೊಂದು ರಾಫ್ಟರ್, ಅದರ ಮೇಲೆ 80×40×2 ಮಿ.ಮೀ. ಪೈಪಿನ ಐದು ಸಾಲು ಪರ್ಲಿನ್ (ಶೀಟು ಕೂರುವ ಅಡ್ಡಪಟ್ಟಿ), ನಾಲ್ಕಡಿಗೆ ಮೀರದಂತೆ. ಒಂದು ಶೀಟು ಸುಮಾರು ಒಂದು ಮೀಟರ್ ಮುಚ್ಚುವುದರಿಂದ 33 ಅಡಿಗೆ 11 ಶೀಟು. ಉದ್ದವನ್ನು ಅಂಗಡಿಯಲ್ಲೇ ಹದಿನೈದೂವರೆ ಅಡಿಗೆ ಕತ್ತರಿಸಿಕೊಡುತ್ತಾರೆ, ನಡುವೆ ಜೋಡಣೆ ಬಾರದಂತೆ ಹಾಗೇ ತರಿಸಿ. ಮುಂಗಾರಿನ ಗಾಳಿ ಪಶ್ಚಿಮದಿಂದ ಬರುವುದರಿಂದ, ಉದ್ದ ಪೂರ್ವ ಪಶ್ಚಿಮಕ್ಕಿದ್ದರೆ, ಪೂರ್ವದ ತುದಿಯಿಂದ ಶೀಟು ಹಾಸುತ್ತಾ ಬನ್ನಿ. ಆಗ ಪಕ್ಕದ ಮಡಿಕೆಯ ಬಾಯಿ ಗಾಳಿಗೆ ಬೆನ್ನು ಹಾಕಿರುತ್ತದೆ. ಸ್ಕ್ರೂವನ್ನು ಶೀಟಿನ ಏರಿಗೆ ಹೊಡೆಯಿರಿ. ರಬ್ಬರ್ ವಾಷರ್ ತುಸು ಒತ್ತಿದರೆ ಸಾಕು, ಹಿಸುಕಿ ಹೊರಬಂದರೆ ಎರಡು ವರ್ಷಕ್ಕೆ ಸೀಳಿ ಸೋರುತ್ತದೆ. ಕತ್ತರಿಸಲು ಗ್ರೈಂಡರ್ ಬೇಡ; ಕಿಡಿಯಲ್ಲಿ ಹಾರುವ ಕಬ್ಬಿಣದ ಪುಡಿ ಬಣ್ಣದ ಮೇಲೆ ಕೂತು ಮೊದಲ ಮಳೆಗೇ ತುಕ್ಕಿನ ಚುಕ್ಕೆಯಾಗುತ್ತದೆ.

ಶೀಟಿನ ಇನ್ನೆರಡು ತೊಂದರೆ ಬಿಸಿಲು ಮತ್ತು ಬೆವರು. ಕಲಬುರಗಿ, ರಾಯಚೂರಿನ ಮೇ ಮಧ್ಯಾಹ್ನ ಬರಿ ಶೀಟಿನಡಿ ನಿಲ್ಲಲಾಗದು. ಮಲೆನಾಡಿನಲ್ಲಿ ಬೆಳಗಿನ ಜಾವ ಶೀಟಿನ ಒಳಮೈಯಲ್ಲಿ ಇಬ್ಬನಿ ಕಟ್ಟಿ ಹನಿಯುತ್ತದೆ, ರಂದಾ ಅಲಗಿಗೂ ಲೇತಿನ ಬೆಡ್ಡಿಗೂ ತುಕ್ಕು. ಎರಡಕ್ಕೂ ಮದ್ದು ಒಂದೇ: ಶೀಟಿನ ಕೆಳಗೆ ಫಾಯಿಲ್ ಅಂಟಿದ ಫೋಮ್ ಹಾಳೆ, ಎತ್ತರದ ಕಡೆ ಗೋಡೆಯ ತಲೆಯಲ್ಲಿ ಉದ್ದಕ್ಕೂ ಜಾಳಿಗೆಯ ಗಾಳಿಕಿಂಡಿ. ಹಣವಿದ್ದರೆ ಪಫ್ ಪ್ಯಾನೆಲ್ (ಎರಡು ಶೀಟಿನ ನಡುವೆ ಫೋಮ್ ತುಂಬಿದ ಹಾಳೆ). ಸಿಮೆಂಟ್ ಶೀಟು ಅಗ್ಗವೆಂದು ಅದಕ್ಕೆ ಹೋಗಬೇಡಿ. ಆಸ್ಬೆಸ್ಟಾಸ್ ಇರುವ ಶೀಟನ್ನು ಕೊರೆದಾಗ, ಕತ್ತರಿಸಿದಾಗ ಏಳುವ ಧೂಳು ಶ್ವಾಸಕೋಶಕ್ಕೆ ವಿಷ. ವರ್ಕ್‌ಶಾಪಿನಲ್ಲಿ ಕೊರೆಯುವುದು ತಪ್ಪುವುದಿಲ್ಲ.

ಹಂಚು ಕರಾವಳಿ ಮಲೆನಾಡಿಗೆ ಈಗಲೂ ಒಳ್ಳೆಯ ಸೂರು. ಬಾಸೆಲ್ ಮಿಶನ್ 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆದಂದಿನಿಂದ ಆ ಮಳೆಗೆ ತಡೆದುಕೊಂಡು ಬಂದ ವಸ್ತು ಅದು. ಸಂದಿಯಲ್ಲಿ ಗಾಳಿಯಾಡುತ್ತದೆ, ಮಳೆಯ ಸದ್ದಿಲ್ಲ, ಒಡೆದದ್ದನ್ನಷ್ಟೇ ಬದಲಿಸಬಹುದು. ಪಕಾಸಿಗೆ (ಹಂಚು ಹೊರುವ ಓರೆ ತೊಲೆಗೆ) ಮರದ ಬದಲು ಜಿಐ ಪೈಪು ಹಾಕಿದರೆ ಗೆದ್ದಲಿನ ಚಿಂತೆಯಿಲ್ಲ. ತೊಂದರೆ ಮಂಗಗಳದ್ದು. ಹಿಂಡು ಬರುವ ಊರುಗಳಲ್ಲಿ ಪ್ರತಿ ವರ್ಷ ಮೇ ತಿಂಗಳಲ್ಲಿ ಮಾಡು ಹತ್ತಿ ಹಂಚು ಕೈಯಾಡಿಸುವ ಕೆಲಸಕ್ಕೆ ಸಿದ್ಧರಿರಬೇಕು, ಆ ಕೆಲಸ ಬಲ್ಲವರೂ ಕಡಿಮೆಯಾಗುತ್ತಿದ್ದಾರೆ. ಮರಗೆಲಸದವರಿಗೆ ಇನ್ನೊಂದು ಮಾತು: ಗಾಳಿಮಳೆಯಲ್ಲಿ ಸಂದಿಯಿಂದ ಸಣ್ಣ ತುಂತುರು ಒಳಬರುತ್ತದೆ, ಯಂತ್ರಗಳಿಗೆ ಹೊದಿಕೆ ಬೇಕು.

ಆರ್‌ಸಿಸಿಯನ್ನು ಆರಿಸಲು ಗಟ್ಟಿ ಕಾರಣ ಒಂದೇ, ಮುಂದೆ ಮೇಲೊಂದು ಕೋಣೆ ಕಟ್ಟುವುದು. ಹಾಗಿದ್ದರೆ ಪಾಯ, ಪಿಲ್ಲರುಗಳನ್ನು ಈಗಲೇ ಎರಡಂತಸ್ತಿಗೆ ಲೆಕ್ಕ ಹಾಕಿಸಿ. ಒಂದಂತಸ್ತಿನ ಪಾಯದ ಮೇಲೆ ಆರ್‌ಸಿಸಿ ಹಾಕಿ ಆಮೇಲೆ ನೋಡೋಣ ಎನ್ನುವುದು ಎರಡೂ ಕಡೆಯ ನಷ್ಟ. ಕಳ್ಳರ ಭಯ, ಮೇಲೆ ಸೋಲಾರ್, ನೀರಿನ ಟ್ಯಾಂಕು, ಇವೂ ಕಾರಣಗಳೇ. ಆದರೆ ಸಂಜೆ ಐದರ ನಂತರ ಕೆಲಸಕ್ಕೆ ಕೂರುವವರು ನೆನಪಿಡಿ: ಹಗಲು ಕುಡಿದ ಬಿಸಿಲನ್ನು ಸ್ಲ್ಯಾಬು ಆಗಲೇ ಕೆಳಗೆ ಬಿಡುವುದು. ಸೆಂಟ್ರಿಂಗಿನ ಆಸರೆ (ಹಸಿ ಸ್ಲ್ಯಾಬನ್ನು ಹೊರುವ ಕಂಬಗಳು) ನಾಲ್ಕೂವರೆ ಮೀಟರ್ ಒಳಗಿನ ಹರವಿಗೆ ಏಳು ದಿನ, ಅದಕ್ಕೆ ಮೀರಿದರೆ ಹದಿನಾಲ್ಕು ದಿನ. ಐಎಸ್ 456ರ ಕನಿಷ್ಠ ಇದು.

ಬಾಗಿಲು

ರೋಲಿಂಗ್ ಶಟರ್ ಜಾಗ ತಿನ್ನುವುದಿಲ್ಲ, ಬೀಗ ಭದ್ರ. 9×8 ಅಡಿಗೆ ಕೈಯಿಂದ ಎಳೆಯುವ ಸ್ಪ್ರಿಂಗಿನದ್ದೇ ಸಾಕು. ನೂರು ಚದರಡಿ ದಾಟಿದರೆ ಗೇರು, ಚೈನು ಬೇಕು. ಸುರುಳಿಗೆ ತೆರವಿನ ಮೇಲೆ ಒಂದೂಕಾಲು ಅಡಿ ಬಿಡಬೇಕು ಎಂಬುದನ್ನು ಮರೆತು ಲಿಂಟೆಲ್ ಹಾಕಿದರೆ ಎಂಟು ಅಡಿಯ ಬಾಗಿಲು ಆರೂಮುಕ್ಕಾಲಾಗುತ್ತದೆ. ಸಮುದ್ರದ ಹತ್ತಿರ ಶಟರ್ ಪಟ್ಟಿಗಳ ಮಡಿಕೆಯೊಳಗೆ ಉಪ್ಪು ತೇವ ಕೂತು ತುಕ್ಕು ಹಿಡಿಯುತ್ತದೆ, ಅಲ್ಲಿ ಎರಡು ಎಲೆಯ ಬಾಗಿಲೇ ಬಾಳಿಕೆ. ಅದಕ್ಕೆ ಮುಂದೆ ಐದಡಿ ಖಾಲಿ ಬೇಕು, ಗಾಳಿಗೆ ಹಾರದಂತೆ ನೆಲಕ್ಕೆ ಬೋಲ್ಟು ಬೇಕು. ಸ್ಲೈಡಿಂಗ್ ಗೇಟಿಗೆ ಪಕ್ಕದಲ್ಲಿ ಬಾಗಿಲಿನಷ್ಟೇ ಉದ್ದದ ಗೋಡೆ ಇರಬೇಕು, ಕೆಳಗಿನ ಹಳಿಯಲ್ಲಿ ಜಲ್ಲಿ, ಮಣ್ಣು ಸೇರದಂತೆ ನೋಡಬೇಕು. ಯಾವುದನ್ನೇ ಆರಿಸಿ, ಪಕ್ಕದಲ್ಲೊಂದು ಮೂರಡಿಯ ಚಿಕ್ಕ ಬಾಗಿಲು ಇಡಿಸಿ, ಸ್ಕ್ರೂಡ್ರೈವರ್ ತರಲು ಶಟರ್ ಎತ್ತಬೇಕಾಗುವುದಿಲ್ಲ. ಕರಾವಳಿಯಲ್ಲಿ ದೊಡ್ಡ ಬಾಗಿಲು ಪಶ್ಚಿಮಕ್ಕೆ ಬೇಡ.

ವಿದ್ಯುತ್ತು

ಮನೆಯ ಮೀಟರಿನಿಂದ ಶೆಡ್ಡಿಗೆ ಸಬ್ ಬೋರ್ಡ್ ಎಳೆದರೆ ಹವ್ಯಾಸದ ಕೆಲಸಕ್ಕೆ ಸಾಕು. ಹಣ ಪಡೆದು ಬೇರೆಯವರ ಕೆಲಸ ಮಾಡುವುದಾದರೆ ಗೃಹಬಳಕೆಯ ದರ ಅನ್ವಯಿಸುವುದಿಲ್ಲ, ಬೇರೆ ಸಂಪರ್ಕ ತೆಗೆದುಕೊಳ್ಳಿ. ಲೆಕ್ಕ ಹೀಗೆ: ಚಿಕ್ಕ ಇನ್ವರ್ಟರ್ ವೆಲ್ಡಿಂಗ್ ಯಂತ್ರ ಎಳೆಯುವ ಕರೆಂಟನ್ನು 25 ಆಂಪಿಯರ್ ಎಂದುಕೊಳ್ಳಿ, ಬೋರ್ಡಿನಿಂದ ಶೆಡ್ಡಿಗೆ 30 ಮೀಟರ್. 2.5 ಚದರ ಮಿ.ಮೀ. ತಾಮ್ರದ ತಂತಿಯಲ್ಲಿ 11 ವೋಲ್ಟ್ ದಾರಿಯಲ್ಲೇ ಹೋಗುತ್ತದೆ, 4ರಲ್ಲಿ ಏಳು, 6ರಲ್ಲಿ ನಾಲ್ಕೂವರೆ. ಮೊದಲೇ 200 ವೋಲ್ಟಿಗೆ ಇಳಿಯುವ ಊರಿನಲ್ಲಿ ಆ ಹನ್ನೊಂದು ವೋಲ್ಟಿನ ಬೆಲೆ ಕಂಪ್ರೆಸರ್ ಮೋಟಾರಿಗೆ ಗೊತ್ತು: ಎಳೆಯಲಾಗದೆ ಗುಂಯ್ ಎಂದು ನಿಂತು ಸುಟ್ಟುಹೋಗುತ್ತದೆ. 6ನ್ನೇ ಹಾಕಿಸಿ. ಪೈಪಿನ ಬದಲು ನೇರ ಮಣ್ಣಿನಲ್ಲಿ ಹೂಳುವುದಾದರೆ ಆರ್ಮರ್ಡ್ ಕೇಬಲ್, ಎರಡೂವರೆ ಅಡಿ ಆಳ, ಮೇಲೆ ಮರಳು, ಅದರ ಮೇಲೆ ಇಟ್ಟಿಗೆ ಸಾಲು.

ಎರಡು ಎಚ್‌ಪಿವರೆಗೆ ಸಿಂಗಲ್ ಫೇಸ್ ಸಾಕು. ಮೂರು ಎಚ್‌ಪಿಯಿಂದ ಮೇಲೆ ತ್ರೀ ಫೇಸ್ ಒಳ್ಳೆಯದು. ಹಳೆಯ ಲೇತು, ಡ್ರಿಲ್ಲಿಂಗ್ ಯಂತ್ರದ ಒಂದೆರಡು ಎಚ್‌ಪಿ ತ್ರೀ ಫೇಸ್ ಮೋಟಾರನ್ನು ವಿಎಫ್‌ಡಿ (ಕರೆಂಟಿನ ಆವರ್ತನ ಬದಲಿಸುವ ಸಾಧನ) ಮೂಲಕ ಸಿಂಗಲ್ ಫೇಸಿನಲ್ಲೂ ಓಡಿಸಬಹುದು, ವೇಗ ಬದಲಿಸುವ ಅನುಕೂಲ ಬೇರೆ. ಹಳ್ಳಿಯಲ್ಲಿ ಪಂಪ್‌ಸೆಟ್ಟಿನ ತ್ರೀ ಫೇಸನ್ನು ನೆಚ್ಚಬೇಡಿ: ಅದು ಬರುವುದು ದಿನಕ್ಕೆ ಕೆಲವೇ ಗಂಟೆ, ವರ್ಕ್‌ಶಾಪಿಗೆ ಬಳಸುವುದು ನಿಯಮಕ್ಕೂ ವಿರುದ್ಧ. ಶೆಡ್ಡಿನ ಬೋರ್ಡಿನಲ್ಲಿ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ (ಕರೆಂಟು ಸೋರಿದರೆ ಕಡಿಯುವ ಸ್ವಿಚ್ಚು), ಮೋಟಾರುಗಳಿಗೆ ಸಿ ಕರ್ವ್ ಎಂಸಿಬಿ (ಶುರುವಿನ ಹೆಚ್ಚು ಎಳೆತ ತಾಳುವ ಟ್ರಿಪ್ ಸ್ವಿಚ್ಚು), ಬೇರೆಯದೇ ಅರ್ಥಿಂಗ್ ಗುಂಡಿ. ದೀಪಗಳಿಗೆ ಬೇರೆ ಎಂಸಿಬಿ ಕೊಡಿ. ಬ್ಲೇಡು ಸಿಕ್ಕಿಕೊಂಡು ಟ್ರಿಪ್ ಆದಾಗ, ಇನ್ನೂ ತಿರುಗುತ್ತಿರುವ ಗರಗಸದ ಮುಂದೆ ಕತ್ತಲಲ್ಲಿ ನಿಲ್ಲುವಂತಾಗಬಾರದು. ಮರದ ಹೊಟ್ಟು ಬೀಳುವ ಮೂಲೆ ಮತ್ತು ಗ್ರೈಂಡರ್ ಕಿಡಿ ಹಾರುವ ಮೂಲೆ ಎದುರುಬದುರು ತುದಿಗಿರಲಿ, ಬಾಗಿಲ ಪಕ್ಕ ನಾಲ್ಕು ಅಥವಾ ಆರು ಕೆಜಿಯ, ಬೆಂಕಿ ನಂದಿಸುವ ಎಬಿಸಿ ಪೌಡರ್ ಸಿಲಿಂಡರ್ ತೂಗುಹಾಕಿ.

ಯಾವಾಗ ಶುರು

ಕರಾವಳಿ, ಮಲೆನಾಡಿನಲ್ಲಿ ನವೆಂಬರಿನಲ್ಲಿ ಪಾಯ ತೆಗೆದರೆ ಜನವರಿಯೊಳಗೆ ಗೋಡೆ, ಮಾರ್ಚಿಗೆ ಸೂರು, ಏಪ್ರಿಲಿನಲ್ಲಿ ನೆಲ. ಮೇ ಎರಡನೇ ವಾರಕ್ಕೆ ನೀರಿನ ದೋಣಿ, ಚರಂಡಿ ಮುಗಿದಿರಬೇಕು. ಎರೆ ಭೂಮಿಯಲ್ಲಿ ಫೆಬ್ರುವರಿಗೆ ಮೊದಲು ಅಗೆಯಲು ಹೋಗಬೇಡಿ, ಹಿಂಗಾರಿನ ತೇವಕ್ಕೆ ಗುಂಡಿಯ ಬದಿ ಕುಸಿಯುತ್ತದೆ. ಮಣ್ಣು ಒಣಗಿ ಬಿರುಕು ಬಿಟ್ಟ ಮೇಲೆ ಅಗೆದು, ಗರಸು ತುಂಬಿ, ಸುತ್ತಲಿನ ಕಾಂಕ್ರೀಟ್ ಅಂಚನ್ನು ಮುಂಗಾರಿಗೆ ಮೊದಲೇ ಮುಗಿಸಿ. ಒಳಗಿನ ನೆಲವನ್ನು ಆ ಮಳೆಗಾಲ ಕಳೆದ ಮೇಲೆ, ತುಂಬಿದ ಗರಸು ಕೂತದ್ದು ಕಂಡ ನಂತರ ಹಾಕಿಸಬಹುದು. ಅಲ್ಲಿಯವರೆಗೆ ಗರಸಿನ ಮೇಲೇ ಕಾರು ನಿಲ್ಲಿಸಿ, ಚಕ್ರಗಳೂ ಒಂದಿಷ್ಟು ದಮ್ಮಸ್ಸು ಮಾಡಿಕೊಡುತ್ತವೆ.